ಮಣ್ಣಿನ ಏರಿಗಳು: ಕೋಲಾರ ಸೀಮೆಯ ಸಣ್ಣ ಕೆರೆ, ಕುಂಟೆ, ಕೃಷಿ ಹೊಂಡಗಳ ಒಡೆತನ ಮತ್ತು ಸುರಕ್ಷತೆ

ಹರಿದು ಹೋಗುವ ಮಳೆನೀರಿಗೆ ಅಡ್ಡಲಾಗಿ ಮಣ್ಣು ಪೇರಿಸಿ, ತುಳಿದು ಗಟ್ಟಿಮಾಡಿ ನಿಲ್ಲಿಸಿದ ದಿಬ್ಬಕ್ಕೆ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಏರಿ ಎಂದೂ ಕಟ್ಟೆ ಎಂದೂ ಹೆಸರು. ಎಂಜಿನಿಯರಿಂಗ್ ಪುಸ್ತಕಗಳು ಮಣ್ಣಿನ ಅಣೆಕಟ್ಟು ಎಂದು ಕರೆಯುವುದು ಇದನ್ನೇ. ಏರಿಯ ಹಿಂದೆ ನಿಂತ ನೀರು ಒಂದು ಊರಿನ ಗದ್ದೆಗೆ ಸಾಲುವಷ್ಟಿದ್ದರೆ ಅದು ಕೆರೆ, ಒಬ್ಬಿಬ್ಬರ ಹೊಲಕ್ಕೂ ದನಕರುಗಳಿಗೂ ಸಾಲುವಷ್ಟಿದ್ದರೆ ಕುಂಟೆ ಅಥವಾ ಗೋಕಟ್ಟೆ, ಒಬ್ಬ ರೈತನ ಜಮೀನಿನಲ್ಲಿ ಅರ್ಧ ಅಗೆದು ಅರ್ಧ ಏರಿಸಿ ಮಾಡಿದ ಚೌಕವಾದರೆ ಕೃಷಿ ಹೊಂಡ. ಇವುಗಳ ಗಾತ್ರದಲ್ಲಿ ಅಜಗಜಾಂತರವಿದ್ದರೂ ಮೂರನ್ನೂ ನಿಲ್ಲಿಸಿರುವುದು ಬರಿಯ ಮಣ್ಣು, ಮೂರನ್ನೂ ಕೆಡವುವುದು ಅದೇ ನೀರು. ಇವು ಯಾರವು, ಒಡೆದರೆ ಹೊಣೆ ಯಾರದು, ಒಡೆಯದಂತೆ ಕಾಯಬೇಕಾದವರು ಯಾರು ಎಂಬ ಪ್ರಶ್ನೆಗಳಿಗೆ ಈ ಸೀಮೆಯಲ್ಲಿ ಸಾವಿರ ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವರ್ಷದ ಸರಾಸರಿ ಮಳೆ 700ರಿಂದ 750 ಮಿಲಿಮೀಟರಿನ ಆಸುಪಾಸು ಇದ್ದು, ಅದೂ ಕೆಲವೇ ದಿನಗಳಲ್ಲಿ ರಭಸವಾಗಿ ಸುರಿದು ಹೋಗುತ್ತದೆ. ಹೀಗಾಗಿ ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ಮೊದಲಾದ ನದಿಗಳಿಗೆ ಸೇರುವ ಹಳ್ಳಕೊಳ್ಳಗಳನ್ನು ಹಿಂದಿನವರು ಹೆಜ್ಜೆಹೆಜ್ಜೆಗೂ ತಡೆದು, ಮೇಲಿನ ಕೆರೆ ತುಂಬಿ ಹರಿದ ನೀರು ಕೆಳಗಿನ ಕೆರೆಗೆ, ಅದರದು ಇನ್ನೂ ಕೆಳಗಿನದಕ್ಕೆ ಸೇರುವಂತೆ ಸರಣಿಯಾಗಿ ಏರಿಗಳನ್ನು ಕಟ್ಟಿದರು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿ 1866ರಲ್ಲಿ ಬರೆದ ವರದಿಯಲ್ಲಿ ಸಂಸ್ಥಾನದ ಸುಮಾರು ಶೇಕಡಾ 60ರಷ್ಟು ಭೂಭಾಗ ಕೆರೆ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ತಕ್ಕ ಜಾಗ ಹುಡುಕುವುದೇ ದುಸ್ತರವೆಂದೂ ದಾಖಲಿಸಿದ. ಮೈಸೂರು ತನ್ನ ನೆಲದಲ್ಲಿ ನೀರು ತಡೆದಷ್ಟೂ ಕೆಳಗಿನ ಮದರಾಸು ಪ್ರಾಂತ್ಯಕ್ಕೆ ಕೊರತೆಯಾಗುತ್ತದೆಂಬ ತಕರಾರು ಹುಟ್ಟಿ, 1892ರ ಒಪ್ಪಂದದಲ್ಲಿ ಹೊಸ ನೀರಾವರಿ ಕಾಮಗಾರಿಗಳಿಗೆ ಮದರಾಸು ಸರ್ಕಾರದ ಸಮ್ಮತಿ ಬೇಕೆಂಬ ನಿಯಮ ಬಂದದ್ದಕ್ಕೂ ಈ ದಟ್ಟಣೆಯೇ ಹಿನ್ನೆಲೆ.

ಸರಣಿಯ ಗುಣವೇ ಅದರ ಅಪಾಯವೂ ಹೌದು. ಮೇಲಿನ ಒಂದು ಏರಿ ಒಡೆದರೆ ಅಲ್ಲಿ ದಿನಗಟ್ಟಲೆ ನಿಧಾನವಾಗಿ ಹರಿದು ಬರಬೇಕಿದ್ದ ನೀರು ಒಂದೆರಡು ಗಂಟೆಯೊಳಗೆ ಕೆಳಗಿನ ಕೆರೆಗೆ ನುಗ್ಗುತ್ತದೆ. ತನ್ನ ಪಾಲಿನ ಮಳೆಗೆ ತಕ್ಕಂತೆ ಮಾತ್ರ ಹೊರದಾರಿ ಇಟ್ಟುಕೊಂಡಿದ್ದ ಆ ಕೆರೆ ಈ ಹೊರೆಯನ್ನು ತಾಳಲಾರದೆ ತಾನೂ ಒಡೆದು, ಎರಡು ಕೆರೆಗಳ ನೀರನ್ನು ಮೂರನೆಯದರ ಮೇಲೆ ಹಾಕುತ್ತದೆ. 1903ರ ನವೆಂಬರಿನಲ್ಲಿ ಹೀಗೇ ಆಯಿತು. ಬಂಗಾಳಕೊಲ್ಲಿಯ ಕಡೆಯಿಂದ ಬಂದ ಹಿಂಗಾರಿನ ಬಿರುಮಳೆಗೆ ಮೈಸೂರು ಸೀಮೆಯ ಪಾಲಾರ್ ಜಲಾನಯನದ ಕೆರೆಗಳು ಒಡೆದು, ಆ ನೀರು ಗಡಿ ದಾಟಿ ತಮಿಳು ಸೀಮೆಯ ವಾಣಿಯಂಬಾಡಿ ಪಟ್ಟಣವನ್ನು ಕೊಚ್ಚಿ ಅಪಾರ ಜೀವಹಾನಿ ಮಾಡಿತು. ಸಣ್ಣ ಏರಿಯ ಅಪಾಯವನ್ನು ಅದರ ಎತ್ತರದಿಂದಷ್ಟೇ ಅಳೆಯುವುದು ಈ ಸೀಮೆಯಲ್ಲಿ ತಪ್ಪು ಲೆಕ್ಕವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಒಡೆತನ

ಕೆರೆಯೆಂದರೆ ಸರ್ಕಾರದ್ದು ಎಂಬ ಇಂದಿನ ತಿಳಿವಳಿಕೆ ಬಹಳ ಹಳೆಯದೇನಲ್ಲ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದ್ದು, ಅದನ್ನು ಓದಿದವರಿಗೆ ಕೆರೆ ಕಟ್ಟಿಸಿದವರು ಬರಿಯ ಅರಸರಲ್ಲವೆಂಬುದು ಮನದಟ್ಟಾಗುತ್ತದೆ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ನೊಳಂಬರ ಕಾಲದಲ್ಲಿ, ಅಂದರೆ 10ನೆಯ ಶತಮಾನದಲ್ಲಿ, ಸ್ಥಾನಾಧಿಪತಿಯಾಗಿದ್ದ ತ್ರಿಭುವನಕರ್ತದೇವನೆಂಬ ಯತಿ 40 ವರ್ಷ ಆ ಸ್ಥಾನವನ್ನಾಳಿ 50 ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. ಗೌಡರು, ವರ್ತಕರು, ಬ್ರಾಹ್ಮಣರು, ದಂಡನಾಯಕರು ಸ್ವಂತ ಖರ್ಚಿನಲ್ಲಿ ಏರಿ ಹಾಕಿಸಿದ ನಿದರ್ಶನಗಳೂ ಸಾಕಷ್ಟಿವೆ.

ಹೀಗೆ ಕಟ್ಟಿದವನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆಯನ್ನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ಕೊಡಗಿ ಅಥವಾ ಕಟ್ಟುಕೊಡಗಿ ಎಂದು ಹೆಸರು. ಕೆರೆಯ ಪೋಷಣೆಗೆಂದು ಬಿಟ್ಟ ಭೂಮಿಗೆ ಬಿತ್ತುವಟ್ಟವೆಂದೂ, ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಕೊಟ್ಟದ್ದಕ್ಕೆ ದಶವಂದವೆಂದೂ ಹೆಸರಿತ್ತು. ಈ ದಶವಂದವೇ ನೆರೆಯ ಚಿತ್ತೂರು, ಕಡಪ ಸೀಮೆಗಳಲ್ಲಿ ದಶಬಂಧಂ ಎಂಬ ಹೆಸರಿನಲ್ಲಿ ಬ್ರಿಟಿಷರ ಕಾಲದವರೆಗೂ ನಡೆದುಬಂತು. ಇವು ಹೆಸರಿಗೆ ದಾನವಾದರೂ ವಾಸ್ತವದಲ್ಲಿ ಒಂದು ಕರಾರು: ಏರಿ ಗಟ್ಟಿಯಿರುವವರೆಗೆ ಕೊಡಗಿದಾರನ ಗದ್ದೆಗೂ ನೀರು, ಏರಿ ಒಡೆದ ದಿನ ಮೊದಲು ಬೀಳಾಗುವುದು ಅವನದೇ ಭೂಮಿ. ಸುರಕ್ಷತೆಯ ಹೊಣೆಯನ್ನು ಲಾಭದ ಜೊತೆ ಇಷ್ಟು ನೇರವಾಗಿ ಕಟ್ಟಿಹಾಕಿದ ವ್ಯವಸ್ಥೆ ಆಮೇಲೆ ಬಂದ ಕಾನೂನುಗಳಲ್ಲಿ ಕಾಣಸಿಗುವುದಿಲ್ಲ.

ಕೆರೆ ಕಟ್ಟುವ ವಿದ್ಯೆಯೂ ಬರಹಕ್ಕಿಳಿದಿತ್ತು. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಗಟ್ಟಿ ನೆಲ, ಏರಿಯ ಎರಡು ತುದಿಗೂ ಆತುಕೊಳ್ಳುವ ಗುಡ್ಡ, ಒತ್ತಾಗಿ ಕಟ್ಟಿದ ಕಲ್ಲಿನ ಏರಿ, ಹತ್ತಿರದಲ್ಲಿ ಉದ್ದನೆಯ ಕಲ್ಲು ಸಿಗುವ ಗಣಿ, ಕೆಲಸ ಬಲ್ಲ ಆಳುಗಳು ಸಾಧನಗಳ ಪಟ್ಟಿಯಲ್ಲಿದ್ದರೆ, ಏರಿಯಲ್ಲಿ ನೀರು ಜಿನುಗುವುದು ದೋಷಗಳ ಪೈಕಿ ಒಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದನ್ನೂ ಅಲ್ಲಿ ದೋಷವೆಂದೇ ಎಣಿಸಲಾಗಿದೆ. ಮೂರು ರಾಜ್ಯಗಳು ಕೂಡುವ ಕೋಲಾರದ ಮಟ್ಟಿಗೆ ಆ ಮಾತು ಇಂದಿಗೂ ನಿಜ.

ಸ್ವಾತಂತ್ರ್ಯದ ನಂತರ ಈ ಒಡೆತನ ಬುಡಮೇಲಾಯಿತು. 1954 ಮತ್ತು 1955ರ ಇನಾಂ ರದ್ದತಿ ಕಾಯಿದೆಗಳು ಇನಾಂ ಗ್ರಾಮಗಳ ಕೆರೆಗಳನ್ನು ಸರ್ಕಾರಕ್ಕೆ ಸೇರಿಸಿದವು; 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ವಂಶಪಾರಂಪರ್ಯವಾಗಿ ಬಂದ ಗ್ರಾಮಚಾಕರಿಗಳನ್ನು ತೆಗೆದುಹಾಕಿತು. ಹುಟ್ಟಿನಿಂದ ಅಂಟಿಕೊಂಡ ಚಾಕರಿಯನ್ನು ಕಳಚಿದ್ದು ನ್ಯಾಯವೇ ಆಗಿತ್ತು, ಆದರೆ ಆ ಚಾಕರಿಯೊಳಗಿದ್ದ ಕೆರೆ ಕಾಯುವ ಕೆಲಸಕ್ಕೆ ಬದಲಿ ಏರ್ಪಾಡು ಮಾತ್ರ ಆಗಲಿಲ್ಲ. ಇಂದು 40 ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳಿಗೆ ಸೇರಿವೆ. 1964ರ ಭೂಕಂದಾಯ ಕಾಯಿದೆಯ 67ನೆಯ ಪ್ರಕರಣ ಕೆರೆ, ಹಳ್ಳಗಳನ್ನು ಸರ್ಕಾರದ ಸ್ವತ್ತೆಂದು ಸಾರುವಾಗಲೂ ವ್ಯಕ್ತಿಗಳ ಸ್ವತ್ತಾಗಿರುವುದನ್ನು ಹೊರಗಿಡುತ್ತದೆ; ಪಟ್ಟಾ ಜಮೀನಿನಲ್ಲಿ ಕಟ್ಟಿದ ಕುಂಟೆ, ತೋಟದ ಕಟ್ಟೆ, ಕೃಷಿ ಹೊಂಡಗಳು ಇರುವುದು ಆ ಹೊರಗಿಟ್ಟ ಭಾಗದಲ್ಲಿ.

ಏರಿ ನಿಲ್ಲುವ ಬಗೆ, ಒಡೆಯುವ ಬಗೆ

ಕಲ್ಲು ಅಥವಾ ಕಾಂಕ್ರೀಟಿನ ಅಣೆಕಟ್ಟಿನ ಮೇಲೆ ನೀರು ಹರಿದುಹೋದರೂ ಅದು ನಿಲ್ಲಬಲ್ಲದು; ಮಣ್ಣಿನ ಏರಿಗೆ ಆ ಶಕ್ತಿಯಿಲ್ಲ. ಏರಿಯ ತಲೆಯ ಮೇಲೆ ಒಂದು ಗೇಣು ನೀರು ಹರಿಯತೊಡಗಿದರೆ ಸಾಕು, ಹೊರಮೈಯ ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕೊರೆದು, ಕೊರಕಲು ಹಿಂದಕ್ಕೆ ಸರಿಯುತ್ತ ನೀರಿನಂಚನ್ನು ಮುಟ್ಟಿದ ಗಳಿಗೆಯಲ್ಲಿ ಗಂಡಿ ಬೀಳುತ್ತದೆ. ಆದ್ದರಿಂದಲೇ ಪ್ರತಿ ಕೆರೆಗೂ ಏರಿಗಿಂತ ತಗ್ಗಾಗಿ, ಸಾಧ್ಯವಾದಷ್ಟೂ ಬಂಡೆಯ ಮೇಲೆ, ಹೆಚ್ಚಿನ ನೀರು ಹೊರಹೋಗುವ ದಾರಿ ಇಟ್ಟಿರುತ್ತಾರೆ. ಇದು ಕೋಡಿ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ತೆಲುಗು ಮಾತಿನವರಿಗೆ ಮೊರವ. ತುಂಬಿದ ನೀರಿನ ಮಟ್ಟಕ್ಕೂ ಏರಿಯ ತಲೆಗೂ ನಡುವಿನ ಬಿಡುವನ್ನು ಎಂಜಿನಿಯರುಗಳು ಫ್ರೀಬೋರ್ಡ್ ಎನ್ನುತ್ತಾರೆ. ಈ ಬಿಡುವು ಎರಡು ಬಗೆಯಲ್ಲಿ ಕಳೆದುಹೋಗುತ್ತದೆ: ಜನ, ದನ, ಗಾಡಿಗಳ ಓಡಾಟದಿಂದ ಏರಿಯ ತಲೆ ಅಲ್ಲಲ್ಲಿ ಸವೆದು ತಗ್ಗಾಗುವುದು ಒಂದು, ಇನ್ನಷ್ಟು ನೀರು ನಿಲ್ಲಲಿ ಎಂಬ ಆಸೆಗೆ ಕೋಡಿಯ ಮೇಲೆ ಮರಳು ಚೀಲ ಪೇರಿಸುವುದು ಅಥವಾ ಕೋಡಿಯ ಕಾಲುವೆಯನ್ನೇ ಒತ್ತಿ ಉಳುಮೆ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಗಳಿಸುವುದು ಒಂದು ಬೆಳೆಯ ನೀರು, ಪಣಕ್ಕಿಡುವುದು ಇಡೀ ಏರಿ.

ಎರಡನೆಯ ಬಗೆಯ ಒಡಕು ಕಣ್ಣಿಗೆ ಬೀಳದೆ ಒಳಗೊಳಗೇ ನಡೆಯುತ್ತದೆ. ಯಾವ ಮಣ್ಣಿನ ಏರಿಯೂ ಪೂರ್ತಿ ಒಣಗಿರುವುದಿಲ್ಲ. ಒಳಮೈಯಿಂದ ಹೊರಮೈಗೆ ಸ್ವಲ್ಪ ನೀರು ಹಾಯುತ್ತಲೇ ಇರುತ್ತದೆ. ಆ ನೀರು ತನ್ನ ಜೊತೆ ಮಣ್ಣಿನ ಕಣಗಳನ್ನು ಹೊತ್ತು ತರಲು ತೊಡಗಿದರೆ ಏರಿಯೊಳಗೆ ಕೊಳವೆಯಂಥ ದಾರಿ ಬೆಳೆಯುತ್ತ ಹೋಗಿ ಒಂದು ದಿನ ಮೇಲಿನ ಮಣ್ಣು ಕುಸಿಯುತ್ತದೆ. ಇದನ್ನು ಪತ್ತೆಹಚ್ಚುವ ಕ್ರಮಕ್ಕೆ ಯಾವ ಉಪಕರಣವೂ ಬೇಕಿಲ್ಲ. ಏರಿಯ ಹೊರಬುಡದಲ್ಲಿ ಜಿನುಗುವ ನೀರನ್ನು ಬಿಳಿಯ ಗಾಜಿನ ಲೋಟದಲ್ಲಿ ಹಿಡಿದು ಕಾಲು ಗಂಟೆ ಅಲುಗಿಸದೆ ಇಟ್ಟರೆ ಸಾಕು: ನೀರು ತಿಳಿಯಾಗಿಯೇ ಇದ್ದರೆ ಅದು ಸಹಜ ಜಿನುಗು, ತಳದಲ್ಲಿ ಕೆಂಪು ಗಸಿ ಕೂತರೆ ಏರಿಯ ಒಡಲು ಹೊರಬರುತ್ತಿದೆ ಎಂದರ್ಥ. ನಿನ್ನೆಗಿಂತ ಇಂದು ಜಿನುಗು ಹೆಚ್ಚಾಗಿದೆಯೇ, ಹುಲ್ಲು ಒಣಗಿದ ಕಾಲದಲ್ಲೂ ಒಂದು ಕಡೆ ಮಾತ್ರ ಹಸಿರಾಗಿದೆಯೇ ಎಂಬುದನ್ನೂ ಇದರ ಜೊತೆಗೇ ನೋಡಬೇಕು.

ಇಂಥ ದಾರಿ ಮೊದಲು ಹುಟ್ಟುವುದು ಸಾಮಾನ್ಯವಾಗಿ ತೂಬಿನ ಪಕ್ಕದಲ್ಲಿ. ತೂಬೆಂದರೆ ಗದ್ದೆಗೆ ನೀರು ಬಿಡಲು ಏರಿಯ ಅಡಿಯಲ್ಲಿ ಹಾಯಿಸಿದ ಕಲ್ಲಿನ ಕಂಡಿ. ಕೆರೆಯೊಳಗೆ ನಿಂತ ಎರಡು ಕಲ್ಲುಕಂಬ, ಅವುಗಳಿಗೆ ಅಡ್ಡಕಲ್ಲು, ಅಡ್ಡಕಲ್ಲಿನ ತೂತಿನೊಳಗಿಂದ ಇಳಿಬಿಟ್ಟ ಗಳು ಮತ್ತು ಅದರ ತುದಿಯ ಬೆಣೆ ಸೇರಿದರೆ ಹಳೆಯ ತೂಬು ಪೂರ್ಣ. ಕಲ್ಲು ಮತ್ತು ಮಣ್ಣು ಎಂದೂ ಪೂರ್ತಿ ಬೆಸೆಯುವುದಿಲ್ಲವಾದ್ದರಿಂದ ಅವುಗಳ ಸಂದಿಯೇ ನೀರಿಗೆ ಸಲೀಸಾದ ದಾರಿ. ಕಲ್ಲಿನ ತೂಬನ್ನು ಕಿತ್ತು ಪೈಪು ಹೂಳುವಾಗ ಸುತ್ತ ಜೇಡಿಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡದೆ ಹೋದರೆ ಆ ಸಂದಿಯನ್ನು ಇನ್ನಷ್ಟು ಅಗಲ ಮಾಡಿದಂತೆಯೇ ಆಗುತ್ತದೆ. ಏಡಿ, ಹೆಗ್ಗಣಗಳ ಬಿಲವೂ ಹೀಗೆಯೇ. 2019ರ ಜುಲೈ 2ರಂದು ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆಯಲ್ಲಿ ಮಣ್ಣಿನ ಅಣೆಕಟ್ಟು ಒಡೆದು ಜನ ಸತ್ತಾಗ ಅಲ್ಲಿನ ಸಚಿವರು ಏಡಿಗಳನ್ನು ದೂಷಿಸಿದ್ದು ಟೀಕೆಗೆ ಗುರಿಯಾಯಿತು. ಏಡಿ ಏರಿಯನ್ನು ಕೊರೆಯುವುದು ಸುಳ್ಳಲ್ಲ, ಆದರೆ ಬಿಲವನ್ನು ಹುಡುಕಿ ಮುಚ್ಚಬೇಕಾದವರು ಮನುಷ್ಯರು ಎಂಬುದೇ ಟೀಕೆಯ ತಿರುಳು.

ಮರಗಳ ವಿಚಾರದಲ್ಲಿ ಹಳ್ಳಿಗರ ನಂಬಿಕೆಗೂ ಎಂಜಿನಿಯರುಗಳ ಮಾತಿಗೂ ವ್ಯತ್ಯಾಸವಿದೆ. ಬೇರು ಮಣ್ಣನ್ನು ಹಿಡಿದಿಡುತ್ತದೆ ಎಂದು ಏರಿಯ ಮೇಲೆ ಹೊಂಗೆ, ಬೇವು ಬೆಳೆಸುವುದುಂಟು. ಯಾರೂ ನೆಡದ ಬಳ್ಳಾರಿ ಜಾಲಿಯಂತೂ ಎಲ್ಲೆಡೆ ಹಬ್ಬಿದೆ. ಬೇರು ಜೀವಂತವಿರುವವರೆಗೆ ನಂಬಿಕೆಯಲ್ಲಿ ಸ್ವಲ್ಪ ಹುರುಳಿದೆ, ಆದರೆ ಮರ ಸತ್ತು ಅಥವಾ ಕಡಿದು ಬೇರು ಕೊಳೆತ ಮೇಲೆ ಅದು ಬಿಟ್ಟುಹೋಗುವುದು ಏರಿಯ ಉದ್ದಗಲಕ್ಕೆ ಪೊಳ್ಳು ಕೊಳವೆಗಳನ್ನು. ಒಳಮೈಗೆ ಅಲೆಯ ಹೊಡೆತ ತಡೆಯುವ ಕಲ್ಲು ಹೊದಿಕೆ, ಹೊರಮೈಗೆ ಗರಿಕೆಯಂಥ ಹುಲ್ಲು ಇದ್ದರೆ ಸಾಕು. ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರು ಕಡೆ ಕೆರೆಯಂಗಳದ ಜೇಡಿಗೆ ಬೇಡಿಕೆ ಹೆಚ್ಚು. ಹೂಳು ತೆಗೆಯುವುದು ಕೆರೆಗೆ ಹಿತವಾದರೂ ಏರಿಯ ಬುಡಕ್ಕೆ ಸಮೀಪ ಆಳವಾಗಿ ಅಗೆದರೆ ಒಳಮೈಗೆ ಆಧಾರ ತಪ್ಪುವುದಲ್ಲದೆ, ನೀರು ಕೆಳಗೆ ನುಸುಳದಂತೆ ತಡೆದಿದ್ದ ಜೇಡಿಯ ಹಾಸೂ ಹರಿಯುತ್ತದೆ.

ಇವೆಲ್ಲದರ ಜೊತೆಗೆ ಈ ಸೀಮೆಗೆ ವಿಶೇಷವಾದ ಇನ್ನೊಂದು ಅಪಾಯ ಬರಗಾಲದ್ದು. ವರ್ಷಗಟ್ಟಲೆ ನೀರು ಕಾಣದ ಏರಿಯ ಮಣ್ಣು ಬಿರುಕು ಬಿಡುತ್ತದೆ, ಕೋಡಿಯಲ್ಲಿ ಗಿಡಗಂಟೆ ಬೆಳೆಯುತ್ತದೆ, ತೂಬಿನ ಬೆಣೆ ಹಾಳಾಗುತ್ತದೆ, ಕೋಡಿಯ ಕಾಲುವೆ ಎಲ್ಲಿತ್ತೆಂಬುದು ಊರಿನ ಎಳೆಯರಿಗೆ ಮರೆತೇಹೋಗುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ತಂದು 126 ಕೆರೆಗಳನ್ನು ತುಂಬಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಿತು. ಯೋಜನೆಯ ಚರ್ಚೆ ನ್ಯಾಯವಾಗಿಯೇ ನೀರಿನ ಶುದ್ಧತೆಯ ಸುತ್ತ ನಡೆದು ನ್ಯಾಯಾಲಯದ ಮೆಟ್ಟಿಲೇರಿತು, ಆದರೆ ಬಹುಕಾಲ ಒಣಗಿದ್ದ ಏರಿಗಳು ಈಗ ವರ್ಷವಿಡೀ ತುಂಬಿರುವ ನೀರನ್ನು ಹೊರಬೇಕಾಗಿದೆ ಎಂಬುದಕ್ಕೆ ಅಷ್ಟೇ ಗಮನ ಸಿಗಲಿಲ್ಲ. ಮೊದಲೇ ತುಂಬಿದ ಕೆರೆಗೆ ಮಳೆಗಾಲದ ನೀರನ್ನು ಹಿಡಿದಿಡುವ ತೆರಪು ಇರುವುದಿಲ್ಲ. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಕೆರೆಗಳು ಸಾಲುಸಾಲಾಗಿ ಕೋಡಿ ಹರಿದಾಗ ಊರೂರಲ್ಲಿ ಸಂಭ್ರಮದ ಜೊತೆಗೆ ಏರಿಯ ಚಿಂತೆಯೂ ಇತ್ತು.

ಹೊಣೆಗಾರಿಕೆ

ಖಾಸಗಿ ಕೆರೆ ಒಡೆದು ಮತ್ತೊಬ್ಬರ ಸ್ವತ್ತು ಹಾಳಾದರೆ ತೆರಬೇಕಾದವರು ಯಾರೆಂಬ ಪ್ರಶ್ನೆಯನ್ನು ಭಾರತದ ಮಟ್ಟಿಗೆ ಮೊದಲು ಇತ್ಯರ್ಥಗೊಳಿಸಿದ ಪ್ರಕರಣಗಳಲ್ಲೊಂದು ಹುಟ್ಟಿದ್ದು ಮುಳಬಾಗಿಲಿನ ನೆರೆಯ ಚಿತ್ತೂರು ಸೀಮೆಯ ಕಾರ್ವೇಟಿನಗರ ಜಮೀನುದಾರಿಯಲ್ಲಿ. ಜಮೀನುದಾರನ ಕೆರೆಗಳು ಭಾರಿ ಮಳೆಗೆ ಒಡೆದು ಮದರಾಸು ರೈಲ್ವೆ ಕಂಪನಿಯ ಕಾಮಗಾರಿ ಕೊಚ್ಚಿಹೋದಾಗ ಕಂಪನಿ ದಾವೆ ಹೂಡಿತು. ಇಂಗ್ಲೆಂಡಿನಲ್ಲಿ 1868ರ ರೈಲ್ಯಾಂಡ್ಸ್ ಪ್ರಕರಣದಲ್ಲಿ, ಗಿರಣಿಗಾಗಿ ನೀರು ಕೂಡಿಟ್ಟವನು ಆ ನೀರು ತಪ್ಪಿಸಿಕೊಂಡು ನೆರೆಯವನ ಗಣಿಗೆ ನುಗ್ಗಿದರೆ ತನ್ನ ತಪ್ಪಿರಲಿ ಇಲ್ಲದಿರಲಿ ನಷ್ಟ ತುಂಬಿಕೊಡಬೇಕೆಂದು ತೀರ್ಮಾನವಾಗಿತ್ತು. ಪ್ರಿವಿ ಕೌನ್ಸಿಲ್ 1874ರಲ್ಲಿ ಆ ನಿಯಮವನ್ನು ಇಲ್ಲಿಗೆ ಅನ್ವಯಿಸಲು ಒಪ್ಪಲಿಲ್ಲ: ಈ ಕೆರೆಗಳು ಜಮೀನುದಾರ ತನ್ನ ಇಷ್ಟಕ್ಕೆ ಕಟ್ಟಿಕೊಂಡವಲ್ಲ, ಪುರಾತನ ಕಾಲದಿಂದ ಜನರ ಬದುಕಿಗಾಗಿ ಇರುವಂಥವು, ಅವನ್ನು ಉಳಿಸಿಕೊಂಡು ಬರುವುದು ಅವನ ಕರ್ತವ್ಯ, ಆದ್ದರಿಂದ ನಿರ್ಲಕ್ಷ್ಯ ಸಾಬೀತಾದರೆ ಮಾತ್ರ ಅವನು ಹೊಣೆ ಎಂಬುದು ಆ ತೀರ್ಪಿನ ಸಾರ. ಈ ತೀರ್ಪಿನ ನೆರಳು ಇಂದಿನ ಖಾಸಗಿ ಹೊಂಡಕ್ಕೆ ಪೂರ್ತಿ ಸಿಗುವುದೆಂದು ಭಾವಿಸುವಂತಿಲ್ಲ, ಏಕೆಂದರೆ ಅದು ಊರಿನ ಪುರಾತನ ಕೆರೆಯಲ್ಲ, ಮಾಲೀಕ ತನ್ನ ಬೆಳೆಗಾಗಿ ಕಟ್ಟಿಕೊಂಡದ್ದು.

ಸಣ್ಣ ಖಾಸಗಿ ಏರಿಗಳು ಎಂಥ ಅನಾಹುತ ಮಾಡಬಲ್ಲವೆಂಬುದನ್ನು ಜಗತ್ತು ಕಹಿಯಾಗಿ ಕಲಿತಿದೆ. ಅಮೆರಿಕದ ಜಾರ್ಜಿಯಾದಲ್ಲಿ ಒಂದು ಕಾಲೇಜಿನ ಒಡೆತನದಲ್ಲಿದ್ದ ಕೆಲ್ಲಿ ಬಾರ್ನ್ಸ್ ಮಣ್ಣಿನ ಕಟ್ಟೆ 1977ರ ನವೆಂಬರ್ 6ರಂದು ಒಡೆದು 39 ಮಂದಿ ಸತ್ತ ಮೇಲೆ ಅಲ್ಲಿ ಖಾಸಗಿ ಅಣೆಕಟ್ಟುಗಳ ವ್ಯಾಪಕ ತಪಾಸಣೆ ಆರಂಭವಾಯಿತು. ಕೀನ್ಯಾದ ಸೊಲೈಯಲ್ಲಿ ದೊಡ್ಡ ತೋಟವೊಂದರ ಕಟ್ಟೆ 2018ರ ಮೇ 9ರ ರಾತ್ರಿ ಒಡೆದು 40ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇಂಗ್ಲೆಂಡಿನಲ್ಲಿ 25,000 ಘನ ಮೀಟರಿಗಿಂತ ಹೆಚ್ಚು ನೀರು ನೆಲಮಟ್ಟದ ಮೇಲೆ ನಿಲ್ಲಿಸುವ ಯಾರೇ ಆಗಲಿ 1975ರ ಕಾಯಿದೆಯ ನಿಗಾಕ್ಕೆ ಒಳಪಡುತ್ತಾರೆ.

ಭಾರತದ ಅಣೆಕಟ್ಟು ಸುರಕ್ಷತಾ ಕಾಯಿದೆ 2021ರ ಡಿಸೆಂಬರ್ 30ರಂದು ಜಾರಿಗೆ ಬಂತು. 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳೂ, 10ರಿಂದ 15 ಮೀಟರ್ ಎತ್ತರವಿದ್ದು 500 ಮೀಟರ್ ಉದ್ದ ಅಥವಾ ಹತ್ತು ಲಕ್ಷ ಘನ ಮೀಟರ್ ಸಂಗ್ರಹದಂಥ ಲಕ್ಷಣಗಳಲ್ಲಿ ಯಾವುದಾದರೊಂದನ್ನು ಹೊಂದಿದವೂ ಅದರ ವ್ಯಾಪ್ತಿಗೆ ಬರುತ್ತವೆ. ಒಡೆಯ ಸರ್ಕಾರವೋ ಖಾಸಗಿಯೋ ಎಂಬ ಭೇದವನ್ನು ಕಾಯಿದೆ ಮಾಡುವುದಿಲ್ಲ. ಆದರೆ ಕೋಲಾರ ಸೀಮೆಯ ಸಾಮಾನ್ಯ ಏರಿ 10 ಮೀಟರ್ ಮುಟ್ಟುವುದೇ ಅಪರೂಪ, ಕುಂಟೆ ಮತ್ತು ಹೊಂಡಗಳಂತೂ ಲೆಕ್ಕಕ್ಕೇ ಇಲ್ಲ. ಕೆರೆ ಸಂರಕ್ಷಣೆಗೆ ರಾಜ್ಯ 2014ರಲ್ಲಿ ತಂದ ಕಾಯಿದೆಯ ಕಾಳಜಿ ಮುಖ್ಯವಾಗಿ ಒತ್ತುವರಿ ಮತ್ತು ಮಾಲಿನ್ಯದ್ದು. ಒಂದು ಸರಣಿಯ ತಲೆಯಲ್ಲಿರುವ ಮೂರು ಮೀಟರ್ ಎತ್ತರದ ಖಾಸಗಿ ಕಟ್ಟೆಯನ್ನು ನಿಯಮಿತವಾಗಿ ಬಂದು ನೋಡಬೇಕಾದ ಅಧಿಕಾರಿ ಈ ಏರ್ಪಾಡಿನಲ್ಲಿ ಇಲ್ಲ. ಎತ್ತರಕ್ಕೆ ಬದಲು, ಕೆಳಗೆ ಏನಿದೆ ಎಂಬುದನ್ನು ಅಳತೆಗೋಲಾಗಿ ಹಿಡಿದರೆ ಮಾತ್ರ ಈ ಕೊರತೆ ತುಂಬೀತು.

ಕೃಷಿ ಹೊಂಡಗಳು

2014–15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಖಾಸಗಿ ಜಲಸಂಗ್ರಹ ಈ ಸೀಮೆಯಲ್ಲಿ ಹೊಸ ರೂಪ ತಳೆಯಿತು. ಮಾವು, ಟೊಮೆಟೊ, ರೇಷ್ಮೆ ಬೆಳೆಯುವ ರೈತರು ಮಳೆನೀರಿನ ಜೊತೆಗೆ ಸಾವಿರ ಅಡಿಗೂ ಆಳದ ಕೊಳವೆಬಾವಿಗಳ ನೀರನ್ನೂ ಕರೆಂಟ್ ಇದ್ದಾಗ ಎತ್ತಿ ಇಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ಯೋಜನೆಯ ದೊಡ್ಡ ಅಳತೆಯ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ್ದು. ಬದಿಗಳ ಇಳಿಜಾರನ್ನು ಕಳೆದರೂ ಅದರಲ್ಲಿ ಹತ್ತು ಲಕ್ಷ ಲೀಟರಿನಷ್ಟು, ಅಂದರೆ ಸುಮಾರು ಸಾವಿರ ಟನ್ ತೂಕದ ನೀರು ನಿಲ್ಲುತ್ತದೆ. ಪೂರ್ತಿ ನೆಲದೊಳಗೆ ಅಗೆದ ಹೊಂಡ ಒಡೆಯುವ ಪ್ರಶ್ನೆಯಿಲ್ಲ. ಇಳಿಜಾರು ಜಮೀನಿನಲ್ಲಿ ಜೆಸಿಬಿಯಿಂದ ಅಗೆದ ಮಣ್ಣನ್ನೇ ಕೆಳಬದಿಗೆ ಸುರಿದು, ನೀರು ಚಿಮುಕಿಸಿ ಪದರ ಪದರವಾಗಿ ಗಟ್ಟಿಮಾಡದೆ, ಅದನ್ನೇ ಏರಿಯಾಗಿ ನಂಬಿ ಅದರ ಎತ್ತರದವರೆಗೆ ನೀರು ತುಂಬಿದಾಗ ಅಪಾಯ ಹುಟ್ಟುತ್ತದೆ. ಒಳಗೆ ಹಾಸಿದ ಪ್ಲಾಸ್ಟಿಕ್ ಹೊದಿಕೆ ಜಿನುಗನ್ನು ತಡೆಯುತ್ತದೆ, ಮಣ್ಣಿಗೆ ಬಲ ಕೊಡುವುದಿಲ್ಲ. ಹರಿದ ಹೊದಿಕೆಯಂತೂ ಸೋರಿಕೆಯನ್ನು ಕಣ್ಣಿಂದ ಮರೆಮಾಡುತ್ತದೆ.

ಹೊಂಡಗಳಿಂದ ಹೆಚ್ಚು ಜೀವ ಹೋಗಿರುವುದು ಮಾತ್ರ ಒಡೆದು ಅಲ್ಲ, ಜನ ಅವುಗಳಲ್ಲಿ ಬಿದ್ದು. ನುಣುಪಾದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಜಾರಿದವರಿಗೆ, ಈಜು ಬಲ್ಲವರಾದರೂ, ಕಾಲೂರಲು ಕೈ ಹಿಡಿಯಲು ಏನೂ ಸಿಗುವುದಿಲ್ಲ. ಮಗುವನ್ನು ಕಾಪಾಡಲು ಇಳಿದ ದೊಡ್ಡವರೂ ಮುಳುಗಿದ ಸುದ್ದಿಗಳು ಪ್ರತಿ ಬೇಸಿಗೆಯಲ್ಲೂ ಎದೆ ನಡುಗಿಸುತ್ತವೆ. ಸುತ್ತ ತಂತಿಬೇಲಿ ಹಾಕಿಸುವುದು, ನಾಲ್ಕೂ ಬದಿಗೆ ಗಂಟುಹಾಕಿದ ದಪ್ಪ ಹಗ್ಗವನ್ನು ನೀರಿನವರೆಗೆ ಇಳಿಬಿಡುವುದು, ಹಳೆಯ ಟೈರುಗಳನ್ನು ಕಟ್ಟಿ ತೇಲಿಬಿಡುವುದು ಅಗ್ಗದ, ಆದರೆ ಜೀವ ಉಳಿಸುವ ಏರ್ಪಾಡುಗಳು.

ಕಾವಲು

ಹಳೆಯ ವ್ಯವಸ್ಥೆಯಲ್ಲಿ ಏರಿಯ ಮೇಲೆ ದಿನವೂ ನಡೆದಾಡುತ್ತಿದ್ದವನು ನೀರುಗಂಟಿ. ಬಹುಪಾಲು ದಲಿತ ಕುಟುಂಬಗಳಿಂದ ಬಂದ ಇವರು ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದುದಲ್ಲದೆ, ಏರಿಯ ಬಿಲ, ಬಿರುಕು, ಜಿನುಗುಗಳನ್ನು ಗಮನಿಸಿ ಊರಿಗೆ ತಿಳಿಸುತ್ತಿದ್ದರು. ಸುಗ್ಗಿಯಲ್ಲಿ ಸಿಗುತ್ತಿದ್ದ ಆಯದ ಕಾಳು ಅವರ ಕೂಲಿ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಶುರುವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಲ್ಲಿ ಜಲ ಸಂವರ್ಧನೆ ಯೋಜನಾ ಸಂಘವು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿ ಈ ಕೆಲಸವನ್ನು ಒಪ್ಪಿಸಲು ನೋಡಿತು. ಕಾಮಗಾರಿ ಮುಗಿದು ಹಣ ನಿಂತ ಮೇಲೂ ಏರಿಯ ಮೇಲೆ ದಿನನಿತ್ಯ ನಡೆದಾಡುವ ಒಬ್ಬ ಮನುಷ್ಯನಿಗೆ ಕೂಲಿ ಕೊಡುವ ಮೂಲ ಯಾವುದೆಂಬುದು ಇಂಥ ಯೋಜನೆಗಳೆಲ್ಲ ಎಡವುವ ಜಾಗ.

ಖಾಸಗಿ ಕಟ್ಟೆಯಲ್ಲಿ ಆ ನಡೆದಾಟ ಮಾಲೀಕನದೇ. ಮುಂಗಾರಿಗೆ ಮೊದಲು ಬಿಲಗಳನ್ನು ಅಗೆದು ಜೇಡಿ ತುಂಬಿ ದಮ್ಮಸು ಮಾಡುವುದು, ಏರಿಯ ತಲೆಯ ತಗ್ಗುಗಳನ್ನು ಎತ್ತರಿಸುವುದು, ಕೋಡಿಯ ಕಸ ತೆಗೆಯುವುದು ಒಂದೆರಡು ದಿನದ ಕೆಲಸ. ಹಿಂಗಾರಿನ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ದಿನಕ್ಕೊಮ್ಮೆ, ಬಿರುಮಳೆಯ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಮತ್ತೆ ಮತ್ತೆ ಹೊರಬುಡವನ್ನು ನೋಡಬೇಕಾಗುತ್ತದೆ. ನೀರು ಏರಿಯ ತಲೆಗೆ ಏರುತ್ತಿದ್ದರೆ ನಡುವಿನ ಎತ್ತರದ ಭಾಗವನ್ನು ಎಂದೂ ಕಡಿಯದೆ, ಏರಿ ಗಿಡ್ಡವಾಗಿ ಗಟ್ಟಿನೆಲಕ್ಕೆ ಸೇರುವ ತುದಿಯ ಆಚೆ, ಬಂಡೆ ಅಥವಾ ಗಟ್ಟಿ ಮೊರಂ ಇರುವಲ್ಲಿ ಅಗಲವಾಗಿ, ಆಳವಿಲ್ಲದಂತೆ ದಾರಿ ಬಿಡಿಸಬೇಕು. ಹೊರಬುಡದಲ್ಲಿ ಕೆಂಪು ನೀರು ಉಕ್ಕುತ್ತಿದ್ದರೆ ಆ ಬಾಯಿಯನ್ನು ಮುಚ್ಚದೆ, ನೀರು ಹೊರಬರಲು ಬಿಟ್ಟು ಮಣ್ಣು ಮಾತ್ರ ನಿಲ್ಲುವಂತೆ ಮೊದಲು ಮರಳು, ಅದರ ಮೇಲೆ ಜಲ್ಲಿ ಹೇರಬೇಕು. ಈ ಎರಡರಲ್ಲಿ ಯಾವುದಕ್ಕೆ ಕೈಹಾಕುವ ಮೊದಲೂ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ, ಮಾಲೀಕ ಮಾಡಬೇಕಾದ ಮೊದಲ ಕೆಲಸ ಸರಣಿಯ ಮುಂದಿನ ಕೆರೆಯ ಊರಿನವರಿಗೆ ಫೋನ್ ಮಾಡಿ ಏರಿಯ ಕೆಳಗಿನ ಮನೆಗಳನ್ನು ಎಬ್ಬಿಸುವುದು.